ನಿಧಾನಕ್ಕೆ ಒಣಗುವ ಲೇಪ

ಧಾರವಾಡದ ಹಾಲಿನ ಡೇರಿಯೊಂದರ ನೆಲವನ್ನು ಗೆದ್ದದ್ದು ರಾಜಗೋಪಾಲರ ಯೌವನದ ದೊಡ್ಡ ದಿಗ್ವಿಜಯ. ಹುಳಿತ ಹಾಲೂ ಕುದಿನೀರೂ ಕೂಡಿ ತಿಂದುಹಾಕುತ್ತಿದ್ದ ಆ ಸಿಮೆಂಟಿನ ಮುಂದೆ ಹಿರಿಯ ಗುತ್ತಿಗೆದಾರರೆಲ್ಲ ಕೈಚೆಲ್ಲಿದ್ದರು. ಮೈಸೂರಿನಿಂದ ಬಂದ ಈ ಎಳೆಯ ಇಂಜಿನಿಯರು ಮಾತ್ರ, ನೆಲದ ತೇವ ಆರುವ ತನಕ ಒಂದು ತೊಟ್ಟು ಲೇಪವನ್ನೂ ಸುರಿಯಲಾರೆನೆಂದು ಹಟ ಹಿಡಿದು, ಮೇಲಧಿಕಾರಿಯ ಬೈಗುಳ ನುಂಗಿಕೊಂಡು ಇಡೀ ಮಳೆಗಾಲ ಕಾದಿದ್ದರು. ಆಮೇಲೆ ಹಾಕಿದ ನೆಲ, ಡೇರಿಯೇ ಮುಚ್ಚಿಹೋಗುವವರೆಗೆ ಒಂದು ಕಡೆಯೂ ಸಿಪ್ಪೆ ಏಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಅಮೆರಿಕದ ಟೆಕ್ಸಸ್ಸಿನ ಪ್ಲೇನೋ ಊರಿನಲ್ಲಿ, ಗೆಳೆಯರೊಬ್ಬರ ಮನೆಯ ಗೌರಿ ಹಬ್ಬದ ಊಟದಲ್ಲಿ ಅವರು ಈ ಕಥೆಯನ್ನು ಮುಗಿಸುವಷ್ಟರಲ್ಲಿ ಎದುರಿನ ಕುರ್ಚಿಯಿಂದ ಒಂದು ದನಿ ಬಂತು.

"ನಮ್ಮ ಮನೀಗೂ ಅದೇ ಡೇರಿ ಹಾಲು ಬರತಿತ್ತರಿ. ನೆಲ ಗಟ್ಟಿ ಇದ್ದೀತು, ಹಾಲು ಮಾತ್ರ ಭಾಳ ತೆಳ್ಳಗಿತ್ತು."

ಎಲ್ಲರೂ ನಕ್ಕರು. ರಾಜಗೋಪಾಲರ ಮುಖ ಬಿಗಿಯಿತು. ಆದರೆ ಹಾಗೆ ಹೇಳಿದಾಕೆ ನಗಲಿಲ್ಲ. ಪಾಯಸದ ಬಟ್ಟಲಿನ ಅಂಚಿನಿಂದ ಅವರನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಕುಚೇಷ್ಟೆ ಇತ್ತು, ಅದರ ಹಿಂದೆ ಒಂದು ಬಗೆಯ ಆಹ್ವಾನವೂ ಇತ್ತು. ಆಕೆ ತುಂಗಾ, ಮಕ್ಕಳ ವೈದ್ಯರಾಗಿ ದುಡಿದು ನಿವೃತ್ತರಾದವರು, ವಿಧವೆ. ಪಕ್ಕದ ಮರ್ಫಿ ಊರಿನಲ್ಲಿ ಅವರ ಮನೆ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದ ರಾಜಗೋಪಾಲರ ಮನೆಯಿಂದ ಒಂದು ರಸ್ತೆ ಆಚೆಗೇ ಇತ್ತು.

"ಅಷ್ಟು ನೆಲ ಬಲ್ಲವರು ನನ್ನ ಗ್ಯಾರೇಜ್ ನೋಡ್ರಿ," ಎಂದರು ತುಂಗಾ, ಹೊರಡುವಾಗ. "ಒಂದ ದಿನದಾಗ ಮುಗಸತೇವಿ ಅಂತ ಯಾರೋ ಬಂದು ನೆಲಕ್ಕ ಬಣ್ಣ ಬಳದು ಹೋದ್ರು. ಈಗ ಟೈರಿನ ಕೂಡ ಎದ್ದು ಬರಾಕತ್ತೇದ."

ಮರುದಿನವೇ ರಾಜಗೋಪಾಲರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಬಿಸಿ ಟೈರು ಕಿತ್ತ ಕಡೆಯಲ್ಲೆಲ್ಲ ಬೂದು ಕಾಂಕ್ರೀಟು ಹುಣ್ಣಿನಂತೆ ಕಾಣುತ್ತಿತ್ತು. ಅವರು ಮೊಣಕಾಲೂರಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ನೆಲಕ್ಕೆ ಟೇಪಿನಿಂದ ಅಂಟಿಸಿದರು. ಮಾರನೆಯ ಬೆಳಿಗ್ಗೆ ಇಬ್ಬರೂ ಅದರ ಮೇಲೆ ಬಾಗಿದಾಗ ತಲೆಗೆ ತಲೆ ತಾಗುವಂತಾಯಿತು. ಹಾಳೆಯ ಒಳಮೈಯಲ್ಲಿ ಸಣ್ಣ ಹನಿಗಳು ಮೂಡಿದ್ದವು.

"ಬೆವತದಲ್ರೀ!"

"ನೆಲ ಕೆಳಗಿನಿಂದ ಉಸಿರಾಡುತ್ತದೆ. ಅದನ್ನು ಕೇಳದೆ ಮೇಲೆ ಬಳಿದರೆ ಹೀಗೇ ಎದ್ದುಬರುತ್ತದೆ. ಮೊದಲು ತೇವ ತಡೆಯುವ ಪ್ರೈಮರ್ ಬೇಕು."

"ಮಗ ಅವಸರ ಮಾಡತಾನ," ಎಂದರು ತುಂಗಾ, ನೆಲದತ್ತ ನೋಡುತ್ತ. ಮಗ ಕೃಷ್ಣಚೈತನ್ಯ ಇರುವುದು ಆಸ್ಟಿನ್ನಿನಲ್ಲಿ. ಈ ಮನೆ ಮಾರಿ ತಾಯಿ ತಮ್ಮ ಬಳಿಗೆ ಬರಲಿ ಎಂಬುದು ಅವನ ಒತ್ತಾಯ. ನೆಲ ಸರಿಯಾಗದೆ ಮನೆಯನ್ನು ಯಾರಿಗೂ ತೋರಿಸುವಂತಿಲ್ಲವೆಂದು ಏಜೆಂಟ್ ಹೇಳಿದ್ದಳು.

ರಾಜಗೋಪಾಲರು ಟೇಪು ಕಿತ್ತು ಹಾಳೆಯನ್ನು ಮಡಿಸಿದರು. ಈ ನೆಲವನ್ನು ಅವರು ಚೆನ್ನಾಗಿ ಮಾಡಿದಷ್ಟೂ ಆಕೆ ಬೇಗ ಹೊರಟುಹೋಗುತ್ತಾರೆ. ಕೆಟ್ಟದಾಗಿ ಮಾಡಲು ಕೈ ಬಾರದು.

ಅಡಿಗೆಮನೆಯ ಮೇಜಿನ ಮೇಲೆ ಅವರು ಬಣ್ಣದ ಮಾದರಿ ಬಿಲ್ಲೆಗಳನ್ನು ಹರಡಿದರು. ಹಿಂದೆ ಹ್ಯೂಸ್ಟನ್ನಿನಲ್ಲಿ ತೈಲದ ತೊಟ್ಟಿಗಳಿಗೆ ಲೇಪ ಹಚ್ಚಿಸುತ್ತಿದ್ದ ದಿನಗಳ ಗಾಂಭೀರ್ಯ ಮರಳಿ ಬಂದಿತ್ತು.

"ಇದು ಪಾಲಿಆಸ್ಪಾರ್ಟಿಕ್. ಬಿಸಿಲಿಗೆ ಹಳದಿಯಾಗುವುದಿಲ್ಲ, ನಾಳೆಯೇ ಕಾರು ನಿಲ್ಲಿಸಬಹುದು. ಆದರೆ ಕೈ ಬಹಳ ಚುರುಕಾಗಿರಬೇಕು, ಟೆಕ್ಸಸ್ ಸೆಕೆಗೆ ಬಕೆಟ್ಟಿನಲ್ಲೇ ಗಟ್ಟಿಯಾಗುತ್ತದೆ. ಇದು ಎಪಾಕ್ಸಿ. ಕಾಂಕ್ರೀಟಿನ ಒಳಕ್ಕೆ ಇಳಿದು ಹಿಡಿಯುತ್ತದೆ. ನಡೆಯಲು ಒಂದು ದಿನ, ಕಾರಿಗೆ ಒಂದು ವಾರವಾದರೂ ಬೇಕು."

ತುಂಗಾ ಬಿಲ್ಲೆಗಳನ್ನು ಬೆರಳಿನಿಂದ ಸರಿಸುತ್ತ ಕೇಳಿದರು: "ಇದರಾಗ ಭಾಳ ತಡಾ ಮಾಡಿ ಒಣಗೂದು ಯಾವುದ್ರಿ?"

"ಎಪಾಕ್ಸಿ."

"ಹಂಗಾರ ಅದೇ ಇರಲಿ."

ಅವರು ತಲೆಯೆತ್ತಿ ನೋಡಿದರು. ತುಂಗಾ ಆಗಲೇ ಕಾಫಿಗೆ ಹಾಲು ಕಾಯಿಸಲು ಎದ್ದಿದ್ದರು. ಬೆನ್ನು ಮಾತ್ರ ಕಾಣುತ್ತಿತ್ತು. ಕಿವಿಯ ತುದಿ ಕೆಂಪಾಗಿತ್ತು.

ಸೆಕೆ ಇಳಿದ ಅಕ್ಟೋಬರಿನಲ್ಲಿ ಕೆಲಸ ಶುರುವಾಯಿತು. ಬಾಡಿಗೆಗೆ ತಂದ ಯಂತ್ರದಿಂದ ರಾಜಗೋಪಾಲರು ಹಳೆಯ ಪದರವನ್ನು ಉಜ್ಜಿ ತೆಗೆದರು. ಪಕ್ಕದಲ್ಲಿ ವ್ಯಾಕ್ಯೂಮಿನ ಕೊಳವೆ ಹಿಡಿದು ತುಂಗಾ. ಇಬ್ಬರ ಹುಬ್ಬುಗಳೂ ಬೂದಿ ಬಳಿದಂತಾದವು. ಪ್ರೈಮರ್ ಬಿತ್ತು, ಬಿರುಕು ಮುಚ್ಚಿತು, ಅದರ ಮೇಲೆ ಬೂದು ಎಪಾಕ್ಸಿ ಕೆರೆಯ ನೀರಿನಂತೆ ಹರಡಿತು. ಹಸಿ ಲೇಪದ ಮೇಲೆ ನಡೆಯಲು ಇಬ್ಬರೂ ಮೊಳೆಯಿರುವ ಅಟ್ಟೆ ಕಟ್ಟಿಕೊಂಡಿದ್ದರು.

"ಈ ಚಪ್ಪಲ್ ಹಾಕ್ಕೊಂಡು ಬಿದ್ರ ನನ್ನ ಹಿಡಕೊಳ್ಳವರು ಯಾರ್ರಿ?"

"ನಾನು ಬಿದ್ದರೆ ಯಾರು ಎಂದು ಯೋಚಿಸುತ್ತಿದ್ದೆ."

"ಡಾಕ್ಟರ್ ಇದ್ದೀನಲ್ಲ, ಮಕ್ಕಳ ಡಾಕ್ಟರ್. ನಡೀತದ."

ಇನ್ನು ಉಳಿದದ್ದು ಬಣ್ಣದ ಚೂರುಗಳನ್ನು ಎರಚುವುದು. "ಕೆಳಗೆ ಎಸೆಯಬೇಡಿ, ಮೇಲಕ್ಕೆ ತೂರಿ. ತಾವಾಗಿ ಉದುರಬೇಕು," ಎಂದರು ರಾಜಗೋಪಾಲರು.

"ಮದವ್ಯಾಗ ಅಕ್ಕಿಕಾಳು ಹಾಕಿಧಂಗ?" ಎನ್ನುತ್ತ ತುಂಗಾ ಮುಷ್ಟಿ ತುಂಬ ತೂರಿದರು. ಬಿಳಿ, ಕಪ್ಪು, ಕಂದು ಚೂರುಗಳು ಅವರ ನೆರೆತ ಕೂದಲಿನ ಮೇಲೂ ರಾಜಗೋಪಾಲರ ಹೆಗಲ ಮೇಲೂ ಬಿದ್ದವು. ಯಾರೂ ಕೊಡವಿಕೊಳ್ಳಲಿಲ್ಲ.

ತುಂಗಾರ ಗ್ಯಾರೇಜು ಹಿಂಬದಿಯ ಓಣಿಗೆ ತೆರೆಯುತ್ತಿತ್ತು. ಓಣಿಯಲ್ಲಿ ಕಾರು ನಿಂತರೆ ಕಸದ ಲಾರಿಗೆ ದಾರಿಯಿಲ್ಲ. ರಾತ್ರಿ ರಸ್ತೆಬದಿಗೆ ನಿಲ್ಲಿಸಲು ಬಡಾವಣೆಯ ನಿಯಮ ಬಿಡದು. ಹೀಗಾಗಿ ಲೇಪ ಒಣಗುವ ತನಕ ಅವರ ಕೆಂಪು ಕಾರು ರಾಜಗೋಪಾಲರ ಮನೆ ಮುಂದಿನ ಡ್ರೈವ್‌ವೇಯಲ್ಲಿ ತಂಗಿತು. ಪ್ರತಿ ಮುಂಜಾನೆ ಆಕೆ ನಡೆದು ಬರುವರು, ಕಾಫಿ ಕುಡಿಯುವರು, ಎಲ್ಲಿಗೂ ಹೋಗುವ ಅಗತ್ಯವಿಲ್ಲದಿದ್ದರೂ ಕಾರಿನಲ್ಲಿ ಒಂದು ಸುತ್ತು ಹೋಗಿ ಮತ್ತೆ ಬಂದು ನಿಲ್ಲಿಸುವರು.

ಗೌರಿ ಹಬ್ಬದ ಊಟ ಹಾಕಿದ್ದ ಪ್ಲೇನೋದ ಸರೋಜಾ ಫೋನ್ ಮಾಡಿದರು. "ಏನ್ ರಾಜಗೋಪಾಲ್, ಆ ಕಡೆ ಬಂದಾಗ ನಿಮ್ಮನೇ ಮುಂದೆ ಕೆಂಪು ಕಾರು ನೋಡಿದ್ರಂತೆ ನಮ್ಮೋರು. ಹೊಸದಾ?"

"ಹಳೆಯದೇ ಕಣಮ್ಮ."

"ಓನರ್ ಕೂಡ ಹಳೇ ಪರಿಚಯಾನೇ ಬಿಡಿ!"

ಆ ನಗು ಅವರನ್ನು ಇಡೀ ದಿನ ಚುಚ್ಚಿತು. ಆಕೆಯ ಹೆಸರು ಬೇರೆಯವರ ಬಾಯಲ್ಲಿ ಹೀಗೆ ಹೊರಳಬಾರದು. ಮನಸ್ಸಿನಲ್ಲಿರುವುದನ್ನು ಮರ್ಯಾದೆಯ ಹಾದಿಯಲ್ಲೇ ಹೇಳಿಬಿಡಬೇಕು. ಅವರ ಮನೆತನದಲ್ಲಿ ಹೆಣ್ಣು ಕೇಳುವುದಕ್ಕೆ ಒಂದು ಕ್ರಮವಿತ್ತು: ಒಳ್ಳೆಯ ವೇಳೆ ನೋಡಿ, ಹಣ್ಣುಕಾಯಿಯ ತಟ್ಟೆ ಹಿಡಿದು, ಆಕೆಯ ಮನೆಯ ಹಿರಿಯರ ಮುಂದೆ ನಿಲ್ಲುವುದು.

ಶನಿವಾರ ಕೃಷ್ಣಚೈತನ್ಯ ಹೆಂಡತಿ ಸುಚೇತಾಳೊಡನೆ ಆಸ್ಟಿನ್ನಿನಿಂದ ಬಂದ. ನೆಲ ನೋಡಿ, "ಅಂಕಲ್, ಮಸ್ತ್ ಆಗೇದ! ಶೋರೂಮ್ ಇದ್ದಂಗ ಕಾಣತದ," ಎಂದ. ತುಂಗಾ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನಗುತ್ತಿದ್ದರು. ಒಳಗೆ ಬಂದು ಕೂತ ಮೇಲೆ ರಾಜಗೋಪಾಲರು ತಾವು ತಂದಿದ್ದ ಹಣ್ಣುಕಾಯಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಆಸನದಿಂದ ಎದ್ದು ನಿಂತರು.

"ಚೈತನ್ಯ, ನಿಮ್ಮ ತಂದೆ ಇಲ್ಲದ ಈ ಮನೆಗೆ ನೀನೇ ಹಿರಿಯ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಿಮ್ಮ ತಾಯಿಯವರನ್ನು ಮದುವೆಯಾಗಲು ನನಗೆ ನಿನ್ನ ಒಪ್ಪಿಗೆ ಬೇಕು."

ಸುಚೇತಾಳ ಕೈಯ ಲೋಟ ಅರ್ಧದಲ್ಲೇ ನಿಂತಿತು. ಚೈತನ್ಯ ತಾಯಿಯ ಕಡೆಗೂ ಅವರ ಕಡೆಗೂ ನೋಡಿ, ತಬ್ಬಿಬ್ಬಾಗಿ, ಕೊನೆಗೆ ಮುಖವರಳಿಸಿದ. "ವಾವ್. ಅಂಕಲ್, ನನ್ನದೇನೂ ಅಡ್ಡಿಯಿಲ್ಲ. ಓಕೆ ಅದ. ರಿಯಲಿ. ಅಮ್ಮಾ?"

ತುಂಗಾರ ಮುಖದಿಂದ ನಗು ಇಳಿದುಹೋಗಿತ್ತು.

"ಏನೂ ಇಲ್ಲಪಾ ಚೈತು," ಎಂದರು, ಒಂದೊಂದೇ ಮಾತಾಗಿ. "ಗಾಡಿ ಅಷ್ಟ ಇಟ್ಟಿದ್ದೆ. ಅವರು ತಪ್ಪು ತಿಳಕೊಂಡಾರ."

ಸುಚೇತಾ ಗಂಡನನ್ನು ಮಹಡಿಗೆ ಕರೆದೊಯ್ದಳು. ರಾಜಗೋಪಾಲರು ಗ್ಯಾರೇಜಿಗೆ ಬಂದು ನಿಂತರು. ಹಿಂದಿನಿಂದ ತುಂಗಾ ಬಂದರು.

"ನಾನು ತಪ್ಪು ತಿಳಿದುಕೊಂಡೆನೆ?" ಎಂದು ಅವರು ಕೇಳಿದರು.

"ಇಲ್ಲ. ಸರಿಯಾಗೇ ತಿಳಕೊಂಡ್ರಿ. ದಿನಾ ನಿಮ್ಮ ಮನೀಗೆ ಬಂದು ಕೂಡತಿದ್ದೆ. ಕೇಳತೀರಿ, ಇವತ್ತು ಕೇಳತೀರಿ ಅಂತ ಕಾಯತಿದ್ದೆ. ಹೂಂ ಅನ್ನಾಕ ತಯಾರಾಗೇ ಬರತಿದ್ದೆ."

"ಮತ್ತೆ?"

"ನನ್ನ ಕೇಳಲಿಲ್ಲರಿ ನೀವು. ನಾ ಎಣ್ಣಿ ಹಚ್ಚಿ, ಜಳಕ ಹಾಕಿ ಬೆಳೆಸಿದ ಹುಡುಗನ್ನ ಕೇಳಿದ್ರಿ. ನಾ ಅಲ್ಲೇ ನಿಂತಿದ್ದೆ."

"ಅದು ಮರ್ಯಾದೆ ಎಂದುಕೊಂಡೆ ತುಂಗಾ." ಮೊದಲ ಬಾರಿ ಅವರು ಬರಿಯ ಹೆಸರು ಹಿಡಿದು ಕರೆದದ್ದು. "ಈಗ ಕೇಳುತ್ತೇನೆ. ನಿಮ್ಮನ್ನೇ."

ತುಂಗಾ ಅಡ್ಡಡ್ಡ ತಲೆಯಾಡಿಸಿದರು. ಕಣ್ಣು ತುಂಬಿದ್ದರೂ ದನಿ ಅಲುಗಲಿಲ್ಲ. "ಈಗ ನಾ ಹೂಂ ಅಂದ್ರೂ ಅದು ಅವನ ಹೂಂ ಆಗತದ. ನನ್ನ ಹೂಂ ಅನ್ನಾಕ ನೀವು ಜಾಗಾನ ಬಿಡಲಿಲ್ಲ."

ಮನೆ ಬೇಗ ಮಾರಾಟವಾಯಿತು. ಖರೀದಿಸಿದವರು ನೆಲವನ್ನು ಬಹಳ ಹೊಗಳಿದರೆಂದು ಚೈತನ್ಯ ಮೆಸೇಜ್ ಕಳಿಸಿದ. ಆಸ್ಟಿನ್ನಿಗೆ ಹೊರಡುವ ದಿನ ತುಂಗಾ ರಾಜಗೋಪಾಲರ ಮನೆಯ ಮುಂದೆ ಕಾರು ನಿಧಾನಿಸಿ, ಗಾಜು ಇಳಿಸಿ, "ಬಿ.ಪಿ. ಗುಳಗಿ ತಪ್ಪಸಬ್ಯಾಡ್ರಿ," ಎಂದರು. ರಾಜಗೋಪಾಲರು ಕೈ ಎತ್ತಿದರು. ಕೇಳಬೇಕಾದ ಮಾತು ಮತ್ತೊಮ್ಮೆ ನಾಲಗೆಯ ತನಕ ಬಂತು. ಆಕೆ ಒಂದು ಗಳಿಗೆ ಹೆಚ್ಚಾಗಿಯೇ ಕಾದರೆಂದು ಅವರಿಗೆ ಅನ್ನಿಸಿತು. ಅಷ್ಟರಲ್ಲಿ ಗಾಜು ಮೇಲೇರಿತ್ತು.

ಕ್ರಿಸ್‌ಮಸ್ ರಜೆಯಲ್ಲಿ ಅವರು ಹ್ಯೂಸ್ಟನ್ ಬಳಿಯ ಕೇಟಿ ಊರಿನಲ್ಲಿದ್ದ ತಮ್ಮ ಮಗಳ ಮನೆಗೆ ಹೋದರು. ಕಾಲೇಜಿನಿಂದ ಬಂದಿದ್ದ ಮೊಮ್ಮಗಳು ಸಿಯಾ, ತಾತ ಯಾಕೆ ಹೀಗೆ ಸಪ್ಪಗಿದ್ದಾರೆಂದು ಬಿಡದೆ ಕೇಳಿದಳು. ಹಿತ್ತಿಲಿನ ಬಿಸಿಲಿನಲ್ಲಿ ಕಿತ್ತಲೆ ಸುಲಿಯುತ್ತ ಅವರು ಎಲ್ಲವನ್ನೂ ಹೇಳಿದರು. ಕಥೆಯನ್ನು ಎಂದಿನ ಗತ್ತಿನಲ್ಲೇ ಆರಂಭಿಸಿದವರ ದನಿ, ಮುಗಿಸುವ ಹೊತ್ತಿಗೆ ತೀರ ತಗ್ಗಿತ್ತು.

"ಓ ಮೈ ಗಾಡ್, ತಾತ. ಯೂ ಆಸ್ಕ್ಡ್ ಹರ್ ಸನ್?"

"ನಮ್ಮ ಕಾಲದಲ್ಲಿ ಅದೇ ಕ್ರಮ ಕಣಮ್ಮ."

ಸಿಯಾ ವಾದಿಸಲಿಲ್ಲ. ಅವರ ಕೈಯಿಂದ ಹಣ್ಣು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಅವರ ಕಣ್ಣು ಆಚೆ ಹೊರಳದಂತೆ ಎದುರಿಗೇ ಕೂತಳು.

"ಗ್ಯಾರೇಜಲ್ಲಿ ಅವರು ಲಾಸ್ಟ್ ಏನಂದ್ರು? ಇನ್ನೊಂದ್ಸಲ ಹೇಳಿ ತಾತ. ಅವರು ಹೇಳಿದ ಹಾಗೇ."

"ನನ್ನ ಹೂಂ ಅನ್ನಾಕ ನೀವು ಜಾಗಾನ ಬಿಡಲಿಲ್ಲ," ಎಂದರು ರಾಜಗೋಪಾಲರು, ಆಕೆಯ ಮಾತಿನಲ್ಲೇ, ಈ ಸಲ ತಾವೂ ಅದನ್ನು ಕೇಳಿಸಿಕೊಳ್ಳುತ್ತ.