ಕತ್ತರಿಸಿದ ಏಳು ರೇಷ್ಮೆಗೂಡು

ಹೆಣವನ್ನು ಮೊದಲು ಕಂಡವಳು ಕಸ ಗುಡಿಸುವ ಮಹಾದೇವಮ್ಮ. ಗುರುವಾರ ಬೆಳಗ್ಗೆ ಏಳು ಗಂಟೆ. ಮುಳ್ಳೂರಿನ ಹೊರಗೆ ವರ್ಷಗಳಿಂದ ಕೆಲಸ ನಿಂತಿದ್ದ, ರೇಷ್ಮೆನೂಲು ಬಿಚ್ಚುವ ಶೆಡ್ಡಿನ ಬೀಗ ತೆಗೆದು ಒಳಗೆ ಕಾಲಿಟ್ಟವಳು ಪೊರಕೆಯನ್ನು ಅಲ್ಲೇ ಬಿಸುಟು ಓಡಿದಳು.

ಸಬ್ ಇನ್ಸ್‌ಪೆಕ್ಟರ್ ಯಶೋದ ಬರುವಷ್ಟರಲ್ಲಿ ಬಾಗಿಲ ಮುಂದೆ ಇನ್ನೂರು ಜನ ನೆರೆದಿದ್ದರು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಏಳು ಮೂಲೆಯ ಮಂಡಲ. ಅದರ ನಡುವೆ ಅಂಗಾತ ಬಿದ್ದಿದ್ದವನು ಆಂಬುಲೆನ್ಸ್ ಚಾಲಕ ನಟರಾಜು. ತಲೆಯ ಹಿಂಭಾಗ ಒಡೆದಿತ್ತು. ಸುತ್ತ ಹೋಳು ಮಾಡಿದ ನಿಂಬೆಹಣ್ಣು, ಚೆಲ್ಲಿದ ಕುಂಕುಮ. ಎದೆಯ ಮೇಲೆ ಅವನದೇ ಹೆಸರು ಬರೆದ ಮಣ್ಣಿನ ಬಟ್ಟಲು. ಬಟ್ಟಲಲ್ಲಿ ಏಳು ರೇಷ್ಮೆಗೂಡು, ಪ್ರತಿಯೊಂದೂ ನಡುವೆ ಕತ್ತರಿಸಿದ್ದು. ಮೂಲೆಯಲ್ಲಿ ಹಳೆಯ ಯಂತ್ರದ ಕಬ್ಬಿಣದ ಸರಳು. ಅದರ ತುದಿಯಲ್ಲಿ ರಕ್ತ.

"ನರಬಲಿ ಕಣ್ರಿ ಇದು!" ಹೊರಗಿನಿಂದ ಒಬ್ಬ ಕೂಗಿದ. "ಆ ಮೂರ್ತಿ ಮೇಷ್ಟ್ರುದೇ ಕೆಲ್ಸ. ಭಾನ್ವಾರ ಭಾನ್ವಾರ ನಿಲುವಂಗಿ ಆಕ್ಕಂಡು ಮಂತ್ರ ಏಳ್ತಿದ್ರು. ಕಿವಿಯಾರ ಕೇಳಿವ್ನಿ!"

"ಸಂಜೆ ಒಳ್ಗೆ ಅವನ್ನ ಜೈಲಿಗಾಕಿ ಮೇಡಂ. ಇಲ್ದಿದ್ರೆ ನಾವೇ ನೋಡ್ಕತೀವಿ."

ಅದು ಬರಿಯ ಬೆದರಿಕೆಯಾಗಿರಲಿಲ್ಲ. ಮೂರ್ತಿಯ ಬೈಕು ಆಗಲೇ ಸುಟ್ಟು ಕರಕಲಾಗಿತ್ತು. ಅವನ ತಾಯಿ ಬಸವಮ್ಮ ಒಳಗಿನಿಂದ ಅಗುಳಿ ಹಾಕಿಕೊಂಡು ಕುಳಿತಿದ್ದಳು.

ಯಶೋದಳ ಮೈ ಉರಿಯಿತು. ಮುಳ್ಳೂರಿರುವ ಕೊಳ್ಳೇಗಾಲ ತಾಲ್ಲೂಕಿನ ಹೆಸರೆತ್ತಿದೊಡನೆ ಮಾಟ ಎಂದು ನಗುವವರನ್ನು ಅವಳು ಬಾಲ್ಯದಿಂದ ಕಂಡಿದ್ದಳು. ಯಾರೋ ಹೊರಗಿನವರು ಅಂಟಿಸಿದ ಕೆಟ್ಟ ಹೆಸರು. ಅದನ್ನು ಒರೆಸಬೇಕಾದ ಜನರೇ ಇಂದು ಅದನ್ನು ನಂಬಿ ದೊಣ್ಣೆ ಹಿಡಿದು ನಿಂತಿದ್ದರು.

* * *

ಮೂರ್ತಿ ಪ್ರೌಢಶಾಲೆಯ ಸಮಾಜ ವಿಜ್ಞಾನದ ಶಿಕ್ಷಕ. ಠಾಣೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದ.

"ಅದು ಆಟ, ಮೇಡಂ. ಭಾನುವಾರ ಆ ಶೆಡ್ಡಿನಲ್ಲಿ ಸೇರಿ ಆಡ್ತೀವಿ. ಕೋಟೆ, ಕತ್ತಿ, ರಾಜರ ಕಾಲದ ಒಂದು ಕಲ್ಪನೆಯ ರಾಜ್ಯ. ಅಲ್ಲಿ ಬೂದಿಗೋಪುರ ಅನ್ನೋ ಮಾಂತ್ರಿಕರ ಸಂಘ. ನಾನು ಕಥೆ ಹೇಳ್ತೀನಿ. ಉಳಿದವರು ನಿಲುವಂಗಿ ತೊಟ್ಟು ಒಬ್ಬೊಬ್ಬ ಮಾಂತ್ರಿಕನ ಪಾತ್ರ ವಹಿಸ್ತಾರೆ. ದಾಳ ಹಾಕಿ ಗೆಲುವು ಸೋಲು ತೀರ್ಮಾನ."

"ಮದ್ವೆಯಾಗೋ ವಯಸ್ನಲ್ಲಿ ದಾಳ ಆಕ್ಕಂಡು ಕುಂತಿದ್ರಾ ಮೇಷ್ಟ್ರೇ?" ಹೆಡ್ ಕಾನ್‌ಸ್ಟೇಬಲ್ ನಿಂಗಯ್ಯ ಕೆಣಕಿದ. "ನಮ್ಮೂರ ಅರಳಿಕಟ್ಟೇಲಿ ಇಸ್ಪೀಟ್ ಆಡೋರೇ ಎಷ್ಟೋ ವಾಸಿ."

"ನಿಂಗಯ್ಯ, ಸುಮ್ಮನಿರಿ." ಯಶೋದ ಕೇಳಿದಳು, "ಬೀಗ ಒಡೆದಿಲ್ಲ. ಬೀಗದ ಕೈ ಎಲ್ಲಿಡ್ತೀರಿ?"

"ಶೆಡ್ಡಿನ ಹಿತ್ತಿಲ ಒರಳುಕಲ್ಲಿನ ಕೆಳಗೆ. ಮಹಾದೇವಮ್ಮನಿಗೆ, ನಮ್ಮ ನಾಲ್ವರಿಗೆ ಗೊತ್ತು. ನಾನು, ನಟರಾಜು, ಅಂಚೆ ಕಚೇರಿಯ ಕವಿತ, ಯಳಂದೂರಿನಲ್ಲಿ ಕೀಟನಾಶಕದ ಅಂಗಡಿ ಇಟ್ಟಿರೋ ಮಹದೇವಪ್ರಸಾದ್."

"ನಿಮ್ಮ ಆಟದಲ್ಲಿ ನಿಂಬೆಹಣ್ಣು, ಕುಂಕುಮ ಇವೆಯೆ?"

"ಇಲ್ಲವೇ ಇಲ್ಲ. ಮಂಡಲ ನಮ್ಮದು. ಅದನ್ನು ನಾನೇ ಕಲ್ಪಿಸಿದ್ದು."

"ಭಾನುವಾರ ನೀವೂ ನಟರಾಜುವೂ ಜಗಳವಾಡಿದಿರಿ. ಮಹಾದೇವಮ್ಮ ಕೇಳಿಸಿಕೊಂಡಿದ್ದಾಳೆ."

ಮೂರ್ತಿ ತಲೆ ತಗ್ಗಿಸಿದ. "ಈ ಸಂಘವನ್ನು ಮುಚ್ಚು ಅಂದ. ಹನೂರಿನಾಚೆ ಶಾಗ್ಯ ಅನ್ನೋ ಊರಿನ ಒಂದು ಮನೆಯ ನೆಲದ ಮೇಲೆ ನಮ್ಮ ಮಂಡಲ ನೋಡಿದೆ, ನಮ್ಮವರೇ ಯಾರೋ ಬರೆದಿದ್ದಾರೆ ಅಂದ. ನಾನು ನಂಬಲಿಲ್ಲ. ಬೈದೆ. ಈಗ ಅವನೇ ಇಲ್ಲ."

ಬುಧವಾರ ಸಂಜೆ ಐದರಿಂದ ಏಳರ ನಡುವೆ ಕೊಲೆಯಾಗಿದೆ ಎಂದು ವೈದ್ಯರು ಹೇಳಿದ್ದರು. ಆ ಹೊತ್ತಿನಲ್ಲಿ ಮೂರ್ತಿ ಮನೆಯಲ್ಲಿದ್ದ. ತಾಯಿಯ ಹೊರತು ಸಾಕ್ಷಿಯಿಲ್ಲ. ನಟರಾಜುವಿನ ಫೋನು ಕಾಣೆಯಾಗಿತ್ತು. ಕರೆಗಳ ವಿವರ ಬರಲು ಎರಡು ದಿನ ಬೇಕು. ಜನ ಕೊಟ್ಟ ಗಡುವು ಸಂಜೆಯವರೆಗೆ ಮಾತ್ರ.

* * *

ಬುಧವಾರ ಸಂಜೆ ಏಳರವರೆಗೂ ಕವಿತ ಅಂಚೆ ಕಚೇರಿಯಲ್ಲಿದ್ದಳು. ಅದಕ್ಕೆ ಹತ್ತು ಜನ ಸಾಕ್ಷಿ. ಹೆಣದ ಎದೆಯ ಮೇಲಿದ್ದ ಬಟ್ಟಲ ಚಿತ್ರ ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಗೂಡು ಅಂದರೆ ನಮ್ಮ ಮಾಂತ್ರಿಕರ ಪ್ರಾಣಶಕ್ತಿ, ಮೇಡಂ. ನೂಲಿಗೆ ಬಾರದ ತೂತುಗೂಡು ಶೆಡ್ಡಿನಲ್ಲಿ ರಾಶಿ ಬಿದ್ದಿದ್ದವು. ಕಥೆ ಮೊದಲು ಶುರುವಾದಾಗ ಒಬ್ಬೊಬ್ಬರಿಗೂ ಏಳು. ಮಾಂತ್ರಿಕ ಸತ್ತರೆ ಅವನ ಬಟ್ಟಲಲ್ಲಿ ಉಳಿದಿದ್ದನ್ನ ಕತ್ತರಿಸ್ತೀವಿ. ಮತ್ತೆ ಯಾರೂ ಬಳಸಬಾರದು ಅಂತ."

"ಇದು ಹೊರಗಿನವರಿಗೆ ಗೊತ್ತೆ?"

"ಯಾರಿಗೂ ಇಲ್ಲ. ಪ್ರತಿ ಭಾನುವಾರ ಆಟ ಮುಗಿದ ಮೇಲೆ ಗೂಡೆಲ್ಲ ಒಂದೇ ಬುಟ್ಟಿಗೆ. ಯಾರ ಬಳಿ ಎಷ್ಟಿತ್ತು ಅನ್ನೋದನ್ನ ಮೂರ್ತಿ ಸರ್ ಬರ್ಕೊಂಡು ಪುಸ್ತಕ ಮನೆಗೆ ಒಯ್ತಾರೆ. ಮುಂದಿನ ವಾರ ಅದೇ ಲೆಕ್ಕದಿಂದ ಆಟ ಮುಂದುವರಿಯುತ್ತೆ."

"ಕಳೆದ ಭಾನುವಾರ ಏನಾಯಿತು?"

ಅವಳ ಕಣ್ಣು ತುಂಬಿದವು. "ನನ್ನ ಮಾಂತ್ರಿಕಿ ಸಾಯೋದ್ರಲ್ಲಿದ್ಲು. ನಟರಾಜು ತನ್ನ ಮೂರು ಗೂಡು ಕೊಟ್ಟು ಉಳಿಸ್ದ. ನಿಜವಾದ ಆಂಬುಲೆನ್ಸಿನಲ್ಲೂ ಹಾಗೇ ಅವನು. ಸುಮ್ನೆ ಬಿಡೋನಲ್ಲ."

ಯಳಂದೂರಿನಿಂದ ಕರೆತಂದ ಮಹದೇವಪ್ರಸಾದ್ ಮಾತ್ರ ನಿರಾಳವಾಗಿದ್ದ.

"ನಾನು ಆಟಕ್ಕೆ ಹೋಗಿ ಮೂರು ವಾರ ಆಯ್ತು ಮೇಡಂ. ಅಂಗಡಿ ಬಿಟ್ಟು ಬರೋಕಾಗಲ್ಲ. ಆ ಶೆಡ್ಡಿನ ಕಡೆ ತಲೆ ಹಾಕಿಲ್ಲ. ಬೇಕಾದ್ರೆ ಅವ್ರಿಬ್ರನ್ನೇ ಕೇಳಿ." ಮೆಲ್ಲಗೆ ಸೇರಿಸಿದ, "ಮೂರ್ತಿಗೆ ಈಚೆಗೆ ಆಟ ಯಾವುದು, ನಿಜ ಯಾವುದು ತಿಳೀತಿರ್ಲಿಲ್ಲ. ಪಾಪ."

ಆ 'ಪಾಪ'ದಲ್ಲಿ ಕರುಣೆಯ ಲೇಶವೂ ಇರಲಿಲ್ಲ.

* * *

ಮಧ್ಯಾಹ್ನ ಜೀಪು ಹನೂರು ದಾಟಿ ಶಾಗ್ಯ ತಲುಪಿತು. ಆಂಬುಲೆನ್ಸಿನ ದಾಖಲೆ ಪುಸ್ತಕದ ಪ್ರಕಾರ ನಟರಾಜು ಎರಡು ವಾರದ ಹಿಂದೆ ಇಲ್ಲಿಗೆ ಬಂದಿದ್ದು ಗುರುಸಿದ್ದಮ್ಮನ ಮನೆಗೆ. ಅವಳ ಮಗಳು ಪುಷ್ಪಳನ್ನು ರಾಗಿಹೊಲದಲ್ಲಿ ಹಾವು ಕಚ್ಚಿತ್ತು.

"ಆಸ್ಪತ್ರೆಗೆ ಓಯ್ತೀವಿ ಅಂತ ವೊಂಟಿದ್ವಿ ಕಣವ್ವ," ಮುದುಕಿ ಗೋಡೆಗೊರಗಿ ಹೇಳಿದಳು. "ಅಷ್ಟ್ರಲ್ಲಿ ಆ ನೀಲಿ ನಿಲುವಂಗಿ ಗುರುಗಳು ಬಂದ್ರು. ಸೂಜಿ ಚುಚ್ಚುಸುದ್ರೆ ಇಸ ತಲೆಗೇರ್ತದೆ ಅಂದ್ರು. ಮಂಡ್ಲ ಬರ್ದು ಮಗೀನ ಒಳಗೆ ಕುಂಡ್ರುಸುದ್ರು. ಮೂರ್ ಗಂಟೆ ಹೊತ್ತು. ಆ ನಟರಾಜಪ್ಪ ಬಂದಾಗ ಕೈಕಾಲೆಲ್ಲ ತಣ್ಣಗಾಗೋಗಿತ್ತು. ಉಳೀಲಿಲ್ಲ ಕಣವ್ವ."

"ಗುರುಗಳ ಮುಖ ನೋಡಿದ್ದೀರಾ?"

"ಮುಸುಕು ಆಕಿರೋರು. ಕಾಣಿಕೆ ತಕಂಡು ಓಯ್ತಾಯಿದ್ರು. ಮಂತ್ರ ಮಾತ್ರ ಮರ್ತಿಲ್ಲ ನಾನು." ಮುದುಕಿ ಕಣ್ಣು ಮುಚ್ಚಿ ಪಾಠ ಒಪ್ಪಿಸುವವಳಂತೆ ನುಡಿದಳು: "ಬೆಂಕಿಗೆ ಹೆಸರಿಲ್ಲ, ನೀರಿಗೆ ನೆರಳಿಲ್ಲ, ಬೂದಿಯಿಂದ ಎದ್ದವರಿಗೆ ಸಾವಿಲ್ಲ."

ಯಶೋದ ಮೂರ್ತಿಯಿಂದ ಪಡೆದು ತಂದಿದ್ದ ಆಟದ ಪುಸ್ತಕ ತೆರೆದಳು. ಮೊದಲ ಪುಟದಲ್ಲಿ ಅದೇ ಸಾಲು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ: ಬೂದಿಗೋಪುರದ ಪ್ರತಿಜ್ಞೆ.

"ಅವ್ವ, ನನ್ನ ಜೊತೆ ಮುಳ್ಳೂರಿಗೆ ಬರ್ತೀರಾ?"

* * *

ಸಂಜೆ ಐದು. ಶೆಡ್ಡಿನ ಹೊರಗೆ ಗದ್ದಲ. ಒಳಗೆ ಮೂವರು, ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತಿದ್ದರು. ಪ್ರತಿಯೊಬ್ಬರ ಮುಂದೆ ಒಂದು ಖಾಲಿ ಬಟ್ಟಲು, ಒಂದು ಕತ್ತರಿ, ಒಂದು ಹಿಡಿ ಗೂಡು.

"ಇಂದು ಆಟದಲ್ಲಿ ನಟರಾಜುವಿನ ಮಾಂತ್ರಿಕ ಸತ್ತ ಎಂದುಕೊಳ್ಳಿ," ಎಂದಳು ಯಶೋದ. "ನಿಮ್ಮ ನಿಯಮದಂತೆ ಅವನ ಬಟ್ಟಲು ಸಿದ್ಧಪಡಿಸಿ. ಮಾತಾಡಬಾರದು."

ಕತ್ತರಿಗಳ ಸದ್ದು. ಕವಿತಳದು ಮೊದಲು ನಿಂತಿತು. ಅನಂತರ ಮೂರ್ತಿಯದು. ಮೂರನೆಯ ಕತ್ತರಿ ಇನ್ನೂ ಸ್ವಲ್ಪ ಹೊತ್ತು ನಡೆಯಿತು.

ಕವಿತಳ ಬಟ್ಟಲಲ್ಲಿ ನಾಲ್ಕು ಗೂಡು. ಮೂರ್ತಿಯ ಬಟ್ಟಲಲ್ಲಿ ನಾಲ್ಕು. ಮಹದೇವಪ್ರಸಾದನ ಬಟ್ಟಲಲ್ಲಿ ಏಳು.

"ಏಳೇಕೆ?"

"ಅವನ ಹತ್ರ ಏಳಿತ್ತಲ್ಲ."

"ಮೂರನ್ನ ನಂಗೆ ಕೊಟ್ಟಿದ್ದ," ಕವಿತ ಥಟ್ಟನೆ ತಿರುಗಿದಳು. "ಕಳೆದ ಭಾನುವಾರ."

ಮಹದೇವಪ್ರಸಾದ್ ನಕ್ಕ. "ನಾನು ಬಂದಿರ್ಲಿಲ್ವಲ್ಲ ಮೇಡಂ. ನಂಗೆ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಗಲು ಸಾಧ್ಯವಿರಲಿಲ್ಲ. ಹೆಣದ ಎದೆಯ ಮೇಲೆ ಬಟ್ಟಲಿಟ್ಟವನಿಗೂ ಗೊತ್ತಿರಲಿಲ್ಲ."

ಅವನ ನಗು ಮುಖದಲ್ಲೇ ಸತ್ತಿತು.

"ಗೂಡು ಕತ್ತರಿಸುವ ನಿಯಮ ಹೊರಗಿನವರಿಗೆ ತಿಳಿಯದು. ಆದ್ದರಿಂದ ಕೊಂದವನು ನಿಮ್ಮ ಸಂಘದವನೇ. ಕವಿತ ಕಚೇರಿಯಲ್ಲಿದ್ದಳು. ಮೂರ್ತಿಗೆ ನಾಲ್ಕೆಂದು ಗೊತ್ತಿತ್ತು, ಅದನ್ನು ಬರೆದುಕೊಂಡವನೇ ಅವನು. ಮೇಲಾಗಿ ಕೊಲೆಗಾರ ತನ್ನ ಮನೆಗೆ ತಾನೇ ಬೆಂಕಿ ಕರೆಯುತ್ತಾನೆಯೆ? ನಿಂಬೆಹಣ್ಣು, ಕುಂಕುಮ ಇಟ್ಟದ್ದು ಊರಿನ ಕಣ್ಣಿಗೆ ಮೂರ್ತಿಯನ್ನು ಮಾಟಗಾರನಾಗಿಸಲು. ಗೂಡು ಇಟ್ಟದ್ದು ನಮ್ಮ ಕಣ್ಣಿಗೆ ಅವನ ಆಟವನ್ನು ಕೊಲೆಯಾಗಿಸಲು. ನಿಯಮ ಗೊತ್ತು, ಲೆಕ್ಕ ಗೊತ್ತಿಲ್ಲ. ಅಂಥವನು ಒಬ್ಬನೇ. ನೀವು ಬಂದಿರಲಿಲ್ಲವೆಂದು ಬೆಳಗಿನಿಂದ ನೀವೇ ಸಾರಿ ಹೇಳುತ್ತಿದ್ದೀರಿ. ಅದೇ ನಿಮ್ಮ ವಿರುದ್ಧದ ಸಾಕ್ಷಿ."

ಬಾಗಿಲಲ್ಲಿ ನಿಂಗಯ್ಯ ಕಾಣಿಸಿಕೊಂಡ. ಕೈಯಲ್ಲಿ ನೀಲಿ ನಿಲುವಂಗಿ. "ಯಳಂದೂರು ಅಂಗ್ಡಿ ಅಟ್ಟದ ಮ್ಯಾಲಿತ್ತು ಮೇಡಂ. ಬಟ್ಟೆ ಮಡಿಕೆ ಒಳ್ಗೆ ಈ ಫೋನು. ನಟರಾಜಂದೇ."

ಮಹದೇವಪ್ರಸಾದ್ ಕುಸಿದು ಕುಳಿತ. "ಶಾಗ್ಯದ ಗುರು ನಾನೇ ಅಂತ ನಟರಾಜು ಪತ್ತೆ ಹಚ್ಚಿದ್ದ. ಠಾಣೆಗೆ ಹೋಗೋಣ ಬಾ, ನೀನೇ ಒಪ್ಕೋ ಅಂದ. ಇಲ್ಲಿಗೆ ಕರೆಸ್ಕೊಂಡು ಕೈ ಮುಗ್ದೆ. ಕೇಳ್ಲಿಲ್ಲ. ತಿರುಗಿ ಹೊರಟ. ಸರಳು ಕೈಗೆ ಸಿಕ್ತು." ಆಮೇಲೆ ಒಮ್ಮೆಲೇ ಕೆರಳಿದ. "ನಾನೇನು ಯಾರನ್ನೂ ಎಳ್ಕೊಂಡು ಬಂದಿರ್ಲಿಲ್ಲ. ಜನರೇ ಕೇಳ್ಕೊಂಡು ಬರ್ತಿದ್ರು. ಇವ್ರು ಇಲ್ಲಿ ಆಡಿದ್ದನ್ನೇ ನಾನು ಅಲ್ಲಿ ಆಡ್ದೆ."

"ಅಲ್ಲ," ಎಂದಳು ಯಶೋದ. "ಇಲ್ಲಿ ಕುಳಿತ ಪ್ರತಿಯೊಬ್ಬರಿಗೂ ಇದು ಸುಳ್ಳೆಂದು ತಿಳಿದಿತ್ತು. ಶಾಗ್ಯದಲ್ಲಿ ಅದು ತಿಳಿದಿದ್ದವರು ನೀವೊಬ್ಬರೇ."

ಬಾಗಿಲು ಪೂರ್ತಿ ತೆರೆಸಿದಳು. ನಿಲುವಂಗಿಯನ್ನು, ಕೋಳ ತೊಡಿಸಿದ ಮಹದೇವಪ್ರಸಾದನನ್ನು ಜನರ ಮುಂದೆ ನಿಲ್ಲಿಸಿ ನಡೆದದ್ದೆಲ್ಲವನ್ನೂ ಹೇಳಿದಳು. ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು. ಬೈಕು ಸುಟ್ಟವರು ಯಾರೆಂದು ಕೇಳಿದಾಗ ಮಾತ್ರ ಹಿಂದೆ ನಿಂತವರು ಒಬ್ಬೊಬ್ಬರಾಗಿ ಜಾರಿಕೊಳ್ಳತೊಡಗಿದರು. ಅವರ ಹೆಸರನ್ನೂ ಪತ್ತೆ ಮಾಡುತ್ತೇನೆಂದು ಯಶೋದ ಎಲ್ಲರಿಗೂ ಕೇಳುವಂತೆ ಹೇಳಿದಳು.

ಗುರುಸಿದ್ದಮ್ಮ ಜೀಪಿನಿಂದ ಇಳಿದು ನೇರವಾಗಿ ಶೆಡ್ಡಿನೊಳಗೆ ಮೂರ್ತಿಯ ಬಳಿಗೆ ಬಂದಳು.

"ಆ ಮಂತ್ರ ನೀನು ಬರ್ದುದ್ದಾ ಮಗ?"

"ಹೌದವ್ವ."

"ಅದ್ರಲ್ಲಿ ಏನೈತೆ?"

"ಏನೂ ಇಲ್ಲವ್ವ. ಆಟದ ಮಾತು."

ಮುದುಕಿ ನೆಲದ ಮೇಲಿನ ಮಂಡಲವನ್ನು ಬಗ್ಗಿ ನೋಡಿದಳು.

"ಏನೂ ಇಲ್ವಾ," ಎಂದಳು. "ಅದನ್ನ ನಂಬ್ಕಂಡು ಮೂರ್ ಗಂಟೆ ಕುಂಡ್ರುಸ್ಕಂಡಿದ್ನಲ್ಲ ನಾನು ಮಗೀನ."

ಮಹಾದೇವಮ್ಮ ಬೆಳಗ್ಗೆ ಬಿಸುಟ ಪೊರಕೆ ಹೊಸ್ತಿಲ ಬಳಿಯೇ ಬಿದ್ದಿತ್ತು. ಮೂರ್ತಿ ಯಶೋದಳತ್ತ ನೋಡಿದ. ಅವಳು ಆಗಲಿ ಎಂದು ತಲೆಯಾಡಿಸಿದಳು, ಪೊಲೀಸರ ಚಿತ್ರ, ಅಳತೆ ಎಲ್ಲ ಮುಗಿದಿತ್ತು. ಅವನು ಬಾಗಿ ಪೊರಕೆ ಎತ್ತಿಕೊಂಡು, ತಾನೇ ಕಲ್ಪಿಸಿದ ಆ ಏಳು ಮೂಲೆಗಳನ್ನು ಒಂದೊಂದಾಗಿ ಗುಡಿಸತೊಡಗಿದ.