ಅವಳ ನಾಲಿಗೆ, ನನ್ನ ಹೆಸರು

ನಮ್ಮ ಮೊದಲ ಮಾತೇ ಜಗಳ.

ಅವಳು ಎರಡನೇ ಮಹಡಿಯಿಂದ ದಡದಡನೆ ಇಳಿದು ಬಂದು, ನನ್ನ ಮೇಜಿನ ಮೇಲೆ ಪ್ರೂಫ್ ಹಾಳೆಯನ್ನು ಇಟ್ಟು, "ಸರ್, ನೀವು ಈ ಹೋಟೆಲಿಗೆ ಹೋಗೇ ಇಲ್ಲ" ಎಂದಳು. ಅಕ್ಕಪಕ್ಕದ ಮೇಜುಗಳಲ್ಲಿ ಟೈಪಿಂಗ್ ಸದ್ದು ನಿಂತಿತು.

ಹನ್ನೊಂದು ವರ್ಷಗಳಿಂದ ನಾನು ಪತ್ರಿಕೆಯಲ್ಲಿ ಪ್ರತಿ ಶನಿವಾರ ಊಟದ ಅಂಕಣ ಬರೆಯುತ್ತಿದ್ದೆ. ಐದು ನಕ್ಷತ್ರದ ಹೋಟೆಲಿನಿಂದ ಹಿಡಿದು ಬಸ್ ಡಿಪೋ ಪಕ್ಕದ ತಳ್ಳುಗಾಡಿಯವರೆಗೆ ನಾನು ತಿನ್ನದ ಜಾಗವಿರಲಿಲ್ಲ. ಕಚೇರಿಯಲ್ಲಿ ನನಗೆ 'ನಾಲಿಗೆರಾಯ' ಎಂದೇ ಹೆಸರು. ಅವಳು ಪ್ರೂಫ್ ವಿಭಾಗಕ್ಕೆ ಸೇರಿ ಆರು ತಿಂಗಳಾಗಿತ್ತು. ಸಿಕ್ಕಲ್ಲೆಲ್ಲ ಅಲ್ಪವಿರಾಮ ಹಾಕುತ್ತಾಳೆ, ಮಾತಿನ ನಡುವೆಯೂ ಒಂದು ಗಳಿಗೆ ನಿಲ್ಲುತ್ತಾಳೆ ಎಂದು ಅವಳನ್ನೂ 'ಅಲ್ಪವಿರಾಮ' ಮಾಡಿಟ್ಟಿದ್ದರು.

"ಮೀನಿನ ಮೇಲೆ ನಿಂಬೆಯ ಪರಿಮಳ ಅಂತ ಬರೆದಿದ್ದೀರಿ. ನಿನ್ನೆ ಅಕ್ಕ-ಭಾವನ ಜೊತೆ ಅಲ್ಲೇ ತಿಂದೆ. ನಿಂಬೆ ಎಲ್ಲಿ ಬಂತು? ಹಳೇ ಎಣ್ಣೆಯ ಕಮಟು. ನಿಮ್ಮ ಮಾತು ನಂಬಿ ಜನ ಮಕ್ಕಳು ಮರಿ ಕಟ್ಕೊಂಡು ಹೋಗ್ತಾರೆ, ಸರ್."

ಕೋಪ ನೆತ್ತಿಗೇರಿತು. ಆದರೆ ಅವಳು ಹೇಳಿದ್ದು ಸುಳ್ಳಲ್ಲ ಎಂಬ ಭಯ ಅದಕ್ಕಿಂತ ಬೇಗ ಏರಿತು. ಅವಳನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದೆ. ಯಾರಿಗೂ ಹೇಳದಿದ್ದುದನ್ನು ಅಲ್ಲಿ ಹೇಳಿದೆ.

"ಹೋಗಿದ್ದೆ. ಪೂರ್ತಿ ತಿಂದೆ. ವಾಸನೆ ಗೊತ್ತಾಗಲಿಲ್ಲ."

"ಅಂದ್ರೆ?"

"ನಾಲ್ಕು ತಿಂಗಳ ಹಿಂದೆ ಜ್ವರ ಬಂತಲ್ಲ, ಆವಾಗಿಂದ ಹೀಗೆ. ಉಪ್ಪು, ಹುಳಿ, ಸಿಹಿ ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ರದ್ದಿ ಕಾಗದ ಅಗಿದ ಹಾಗೆ. ಡಾಕ್ಟರು ಕಾಯಿರಿ ಅಂತಾರೆ."

ಅವಳು ತಲೆ ವಾರೆ ಮಾಡಿ ನನ್ನನ್ನೇ ನೋಡಿದಳು. ಆಮೇಲೆ, ತಡೆಯಲಾರದೆ, ನಕ್ಕಳು. "ಕ್ಷಮಿಸಿ. ಕಡಲೆ ಇದ್ದೋನಿಗೆ ಹಲ್ಲಿಲ್ಲ ಅಂತಾರಲ್ಲ, ಇವತ್ತು ಕಣ್ಣಾರೆ ನೋಡಿದೆ." ನಗು ಇಳಿದ ಮೇಲೆ ಮೆಲ್ಲಗೆ ಕೇಳಿದಳು, "ಮುಂದಿನ ವಾರ ಯಾವ ಹೋಟೆಲು?"

ಹಾಗೆ ಶುರುವಾಯಿತು.

ಮೊದಲನೆಯದು ಇಪ್ಪತ್ತನೇ ಮಹಡಿಯ ಒಂದು ರೆಸ್ಟೋರೆಂಟು. ಬಿಳಿ ಮೇಜುಬಟ್ಟೆ, ಅಂಗೈಯಗಲದ ತಟ್ಟೆಯಲ್ಲಿ ಬೆರಳಗಲದ ಊಟ. ಅವಳು ಒಂದು ಚಮಚ ಸೂಪು ಬಾಯಿಗಿಟ್ಟು, ಯೋಚಿಸಿ, ಹೇಳಿದಳು: "ಇದು ಮದುವೆಗೆ ಬಂದ ದೂರದ ನೆಂಟರ ಹಾಗಿದೆ. ಚೆನ್ನಾಗಿ ಉಟ್ಕೊಂಡು ಬಂದಿದೆ, ಯಾರ ಜೊತೆಗೂ ಮಾತಾಡಲ್ಲ."

ನಾನು ಅದನ್ನೇ ಬರೆದೆ. ಸಂಪಾದಕರು ಬೆನ್ನು ತಟ್ಟಿದರು.

ಆಮೇಲೆ ವಕೀಲರು ಕರಿ ಕೋಟಿನಲ್ಲೇ ನಿಂತು ತಿನ್ನುವ ಕೋರ್ಟಿನ ಕ್ಯಾಂಟೀನು. ಗಂಡ ಹೆಂಡತಿ ಇಬ್ಬರೇ ನಡೆಸುವ, ಐದೇ ಕುರ್ಚಿಗಳ ನೂಡಲ್ಸ್ ಅಂಗಡಿ. ಅಲ್ಲಿ ಅವರಿಬ್ಬರ ಜಗಳ ಜಾಸ್ತಿಯಾದ ದಿನ ಖಾರವೂ ಜಾಸ್ತಿ ಎಂದು ಅವಳು ಕಂಡುಹಿಡಿದಳು. ಸೈಕಲ್ ರಿಪೇರಿಯ ಗಲ್ಲಿಯಲ್ಲಿ ಕೆಂಡದ ಮೇಲೆ ಜೋಳ ಸುಡುವ ಅಜ್ಜಿ. ಬಂದರಿನ ಗೇಟಿನ ಹತ್ತಿರ, ನಾಲ್ಕು ಗಂಟೆಯ ಬಿಸಿಲಿನಲ್ಲಿ, ಕಾಗದದಲ್ಲಿ ಸುತ್ತಿ ಕೊಡುವ ಹುರಿದ ಮೀನು.

ನನ್ನ ತಟ್ಟೆಯಲ್ಲಿ ಏನಿತ್ತೆಂದು ನನಗೆ ನೆನಪಿಲ್ಲ. ಅವಳ ಮುಖ ನೆನಪಿದೆ. ಮೊದಲ ತುತ್ತಿಗೆ ಎಡಹುಬ್ಬು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಇಷ್ಟವಾದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆಗದಿದ್ದರೆ ಕೈ ನೀರಿನ ಲೋಟ ಹುಡುಕುತ್ತಿತ್ತು. ಬಹಳ ಇಷ್ಟವಾದರೆ ಮಾತ್ರ, ಅಗಿಯುವುದನ್ನು ನಿಲ್ಲಿಸಿ, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ನನ್ನತ್ತ ನೋಡುತ್ತಿದ್ದಳು.

"ನನ್ನ ಮುಖ ನೋಡ್ತಾ ಕೂತ್ರೆ ನಿಮ್ಮದು ಆರಿಹೋಗುತ್ತೆ."

"ಆರಲಿ ಬಿಡು. ಬಿಸಿಯಾಗಿದ್ರೂ ನನಗೆ ಅಷ್ಟೇ."

"ಮತ್ತೆ ನನ್ನ ಮುಖದಲ್ಲಿ ಏನಿದೆ?"

"ರುಚಿ ಅಲ್ಲೇ ಬರೆದಿರುತ್ತೆ. ನಾನು ಕಾಪಿ ಹೊಡೆಯೋದಷ್ಟೇ."

ಅವಳು ಜೋಳದ ತೆನೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು. ಆದರೆ ಕಿವಿ ಕೆಂಪಾದದ್ದು ತೆನೆಯ ಎರಡೂ ಬದಿಯಿಂದ ಕಾಣುತ್ತಿತ್ತು.

ನಾನು 'ನೀನು' ಎನ್ನತೊಡಗಿದ್ದೆ. ಅವಳು ಮಾತ್ರ 'ನೀವು' ಬಿಡಲಿಲ್ಲ. ಸಿಟ್ಟು ಬಂದಾಗ 'ಸರ್', ಪ್ರೀತಿ ಬಂದಾಗ 'ಸಾಹೇಬ್ರೇ'. ಬರಬರುತ್ತ 'ಸಾಹೇಬ್ರೇ' ಹೆಚ್ಚಾಯಿತು.

ಒಮ್ಮೆ ಮಾತ್ರ ಅವಳು ಏನಾದರೂ ಕೇಳಿದ್ದು. "ನನ್ನ ಹೆಸರು ಬೇಡ. ಜೊತೆಗೆ ಬಂದೋರು ಹೀಗಂದ್ರು ಅಂತ ಒಂದು ಮಾತು ಹಾಕಬಹುದಲ್ವಾ?"

"ಮುಂದಿನ ವಾರ ಹಾಕ್ತೀನಿ."

ಮುಂದಿನ ವಾರ ನಾನಾಗಿಯೇ ಮತ್ತೆ ಹಾಗೇ ಎಂದೆ. ಹಾಕಿದರೆ ಜೊತೆಗೆ ಬಂದವರು ಯಾರು ಎಂದು ಸಂಪಾದಕರು ಕೇಳುತ್ತಾರೆ, ಒಂದು ಎಳೆ ಎಳೆದರೆ ಪೂರ್ತಿ ಬಟ್ಟೆಯೇ ಬಿಚ್ಚಿಕೊಳ್ಳುತ್ತದೆ ಎಂಬ ಅಳುಕು. ಅವಳು ಮತ್ತೆ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನಾನು ನಿರಾಳವಾದೆ. ಈಗ ಯೋಚಿಸಿದರೆ ನಾಚಿಕೆಯಾಗುವುದು ಆ ನಿರಾಳಕ್ಕೇ.

ಒಂದು ಸಂಜೆ, ಡಿಪೋ ಹಿಂದಿನ ತಳ್ಳುಗಾಡಿಯಲ್ಲಿ ಬೇಳೆ ಸೂಪು ಕುಡಿಯುತ್ತಿದ್ದೆವು. ಡ್ರೈವರುಗಳು, ಕಂಡಕ್ಟರುಗಳು ಸುತ್ತ ನಿಂತಿದ್ದರು. ಅವಳು ಎರಡು ಗುಟುಕು ಕುಡಿದಳು. ಹುಬ್ಬು ಏಳಲಿಲ್ಲ, ಕಣ್ಣು ಮುಚ್ಚಲಿಲ್ಲ.

"ಏನಾಯ್ತು?"

"ಉಪ್ಪು ಜಾಸ್ತಿ," ಎಂದಳು. ಬಟ್ಟಲು ಕೆಳಗಿಟ್ಟು, "ಅಮ್ಮ ಮಾಡಿದ್ದೂ ಹೀಗೇ ಇತ್ತು, ಕೊನೆಗೆ" ಎಂದಳು.

ಅವಳ ತಾಯಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ದಿನಕ್ಕೆ ಮುನ್ನೂರು ಜನಕ್ಕೆ ಬೇಯಿಸಿ, ತಲೆಗೂದಲ ತುಂಬ ಈರುಳ್ಳಿ ಘಮ ಹೊತ್ತು ಮನೆಗೆ ಬಂದು, ಮತ್ತೆ ಒಲೆ ಹಚ್ಚುತ್ತಿದ್ದವರು. ಕಾಯಿಲೆ ಬಿದ್ದು, ಔಷಧಿಗೆ ನಾಲಿಗೆ ಸತ್ತುಹೋಯಿತು. ಆದರೂ ಅಡುಗೆ ಬಿಡಲಿಲ್ಲ. ದಿನವೂ ಕೇಳುವರು, "ಉಪ್ಪು ಸರಿಯಾಗಿದೆಯಾ, ಮಗಳೇ?"

"ದಿನಾ ಸರಿಯಾಗಿದೆ ಅಂತಿದ್ದೆ. ಅವತ್ತು ಪರೀಕ್ಷೆ ಹಾಳಾಗಿತ್ತು. ಹದಿನೇಳು ವರ್ಷ ನನಗೆ. ಥೂ, ಬಾಯಿಗಿಡೋಕಾಗಲ್ಲ, ನಿನಗೆ ಕೈಲಾಗಲ್ಲ ಅಂದ್ರೆ ಯಾಕೆ ಮಾಡ್ತೀಯ ಅಂದೆ. ತಟ್ಟೆ ತಳ್ಳಿದೆ. ಅಮ್ಮ ನೆಲ ಒರೆಸಿದಳು. ಆಮೇಲೆ ಒಲೆ ಹತ್ತಿರ ಬರಲೇ ಇಲ್ಲ. ಇಪ್ಪತ್ತು ದಿನಕ್ಕೆ ಹೋಗಿಬಿಟ್ಟಳು."

ಬಸ್ಸೊಂದು ಹಾರ್ನ್ ಹಾಕುತ್ತ ಹೊರಟಿತು. ಅದು ಹೋಗುವವರೆಗೆ ಕಾದು ಹೇಳಿದಳು, "ಅಕ್ಕನಿಗೂ ಹೇಳಿಲ್ಲ ಇದನ್ನ. ಮೆಟ್ಟಿಲ ಹತ್ತಿರ ನೀವು ರುಚಿ ಗೊತ್ತಾಗಲ್ಲ ಅಂದ್ರಲ್ಲ, ಅವತ್ತು ನಕ್ಕುಬಿಟ್ಟೆ. ಆಮೇಲೆ ಅನ್ನಿಸ್ತು, ಈ ಸಲ ಸರಿಯಾಗಿ ಹೇಳೋಣ, ನೋಯಿಸದೆ ಹೇಳೋಣ ಅಂತ."

ನಾನು ಅವಳ ಕೈ ಹಿಡಿದುಕೊಂಡೆ. ಹೇಳಬೇಕಾದ ಮಾತು ಬಾಯಿತನಕ ಬಂದಿತ್ತು. ಡ್ರೈವರುಗಳು ನೋಡುತ್ತಿದ್ದಾರೆಂದು ನಾಳೆಗಿಟ್ಟೆ.

ಆ ವಾರ ಅಂಕಣದ ಆರುನೂರನೆಯ ಕಂತು. ಸಂಪಾದಕರು ಅರ್ಧ ಪುಟ ಕೊಟ್ಟಿದ್ದರು. "ನಿಮ್ಮ ಜೀವನದ್ದು ಏನಾದ್ರೂ ಇರಲಿ. ಜನ ಅಳಬೇಕು," ಎಂದಿದ್ದರು. ತಳ್ಳುಗಾಡಿಯ ಆ ಸಂಜೆಯ ಮಾರನೆಯ ದಿನ ಬೆಳಿಗ್ಗೆಯಿಂದ ಮೂರು ಸಲ ಬರೆದೆ, ಮೂರೂ ಸಪ್ಪೆ. ಕೊನೆಗೆ, ಮರೆಯದಿರಲಿ ಎಂದು, ಅವಳು ಹೇಳಿದ್ದನ್ನು ಬರೆದಿಡಲು ಕುಳಿತೆ. ಬರೆದಿಡಲು ಮಾತ್ರ, ದೇವರಾಣೆ, ಶುರು ಮಾಡಿದ್ದು ಹಾಗೇ. ಪೆನ್ನು ನಿಲ್ಲಲಿಲ್ಲ. ಎಲ್ಲಿ 'ಅವಳು' ಹೋಗಿ 'ನಾನು' ಬಂತೋ ತಿಳಿಯದು. ಅವಳ ಅಮ್ಮ ನನ್ನ ಅಮ್ಮನಾದರು. ತಟ್ಟೆ ತಳ್ಳಿದ ಕೈ ನನ್ನದಾಯಿತು. ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟುಬಿಟ್ಟೆ.

ನನ್ನ ಅಂಕಣದ ಪ್ರೂಫ್ ಯಾರ ಮೇಜಿಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಮೂರೂವರೆಗೆ ಇಳಿದು ಬಂದಳು. ಈ ಸಲ ಸದ್ದಿರಲಿಲ್ಲ. ಹಾಳೆಯನ್ನು ನನ್ನ ಮುಂದೆ ನಿಧಾನವಾಗಿ ಇಟ್ಟಳು.

"ಒಂದು ತಪ್ಪಿತ್ತು, ಸರ್. ತಟ್ಟೆ ತಳ್ಳಿದ್ದು ಎಡಗೈಯಲ್ಲಿ. ನೀವು ಬಲಗೈ ಅಂತ ಬರೆದಿದ್ದೀರಿ. ತಿದ್ದಿದ್ದೀನಿ."

"ನಿನಗೆ ಬೇಡ ಅನಿಸಿದ್ರೆ ತೆಗೆದುಬಿಡಲಾ?"

"ಅದನ್ನೂ ನಾನೇ ಹೇಳಬೇಕಾ?"

ನಿಂತಳು. ಅವಳ ವಾಡಿಕೆಯ ಒಂದು ಗಳಿಗೆಯಲ್ಲ, ಬಹಳ ಹೊತ್ತು. ಪುಟ ಅಚ್ಚಿಗೆ ಹೋಗಲು ಇನ್ನೂ ಒಂದು ಗಂಟೆಯಿತ್ತು. ಫೋನು ನನ್ನ ಮೊಣಕೈ ಪಕ್ಕದಲ್ಲೇ ಇತ್ತು. 'ಆ ಪುಟ ನಿಲ್ಲಿಸಿ' ಎಂಬ ಮೂರು ಪದ ಸಾಕಿತ್ತು. ನಾನು, "ಇದು ನನ್ನ ಜೀವನದಲ್ಲೇ ಒಳ್ಳೇ ಬರಹ ಕಣೇ," ಎಂದೆ.

ಅವಳು ತಲೆಯಾಡಿಸಿದಳು. "ಹೌದು. ಚೆನ್ನಾಗಿದೆ," ಎಂದು ಮೆಟ್ಟಿಲು ಹತ್ತಿಹೋದಳು.

ಶನಿವಾರ ಅದು ಅಚ್ಚಾಯಿತು. ಜನ ಅತ್ತರು. ಕಾಗದಗಳು ಚೀಲದಲ್ಲಿ ಬಂದವು. ಪರಿಚಯವೇ ಇಲ್ಲದವರು ದಾರಿಯಲ್ಲಿ ನಿಲ್ಲಿಸಿ ನನ್ನ ಕೈ ಹಿಡಿದು, "ನಿಮ್ಮ ತಾಯಿ..." ಎಂದು ಕಣ್ಣೊರೆಸಿಕೊಂಡರು. ಅದೇ ಹೊತ್ತಿಗೆ ನನ್ನ ನಿಜವಾದ ಅಮ್ಮ ಫೋನು ಮಾಡಿ, "ನಾನು ಯಾವಾಗಪ್ಪಾ ಸತ್ತೆ?" ಎಂದು ಕೇಳಿದರು. ನಗಲಿಲ್ಲ ಅವರು.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ವಿಳಾಸ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದದ್ದು ಅವಳ ಅಕ್ಕ.

"ನೀವೇನಾ ನಾಲಿಗೆರಾಯ? ತಿಂಡಿ ತಿನ್ನುವಾಗ ನಾನೇ ಜೋರಾಗಿ ಓದಿದ್ದು ರೀ ಅದನ್ನ. ಪಾಪ, ನಮ್ಮಮ್ಮನ ಥರಾನೇ ಅಂದುಕೊಂಡೇ ಓದಿದೆ. ಆಸ್ಪತ್ರೆ ಕ್ಯಾಂಟೀನು ಅಂತ ಬಂದಾಗ ಇವಳ ಮುಖ ನೋಡಿದೆ." ಅವರ ದನಿ ಒಡೆಯಿತು. "ಅಮ್ಮ ಒಲೆ ಯಾಕೆ ಬಿಟ್ಟಳು ಅಂತ ಎಂಟು ವರ್ಷ ತಲೆ ಕೆಡಿಸ್ಕೊಂಡಿದ್ದೆ. ಅದನ್ನ ಪೇಪರಲ್ಲಿ ಓದಬೇಕಾಯ್ತು. ಹೋಗಿ. ಅವಳು ಬರಲ್ಲ."

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅದು ಮೆತ್ತಗೆ ಮುಚ್ಚಿಕೊಂಡಿತು.

ನಾನು ಸಂಪಾದಕರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ: ನಾಲಿಗೆ ಸತ್ತಿದ್ದು, ಎಂಟು ತಿಂಗಳು ಅವಳ ಮಾತುಗಳನ್ನು ಬರೆದದ್ದು, ಆ ತಾಯಿ ನನ್ನವರಲ್ಲ ಎಂಬುದು. ಅಂಕಣ ನಿಂತಿತು. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ತಪ್ಪೊಪ್ಪಿಗೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಕಚೇರಿಯವರು ಆಡಿಕೊಂಡರು. ಅವಳ ರಾಜೀನಾಮೆ ಅಂಚೆಯಲ್ಲಿ ಬಂತು. ಒಂದೇ ವಾಕ್ಯ. ಅದರಲ್ಲಿ ಅಲ್ಪವಿರಾಮವಿರಲಿಲ್ಲ.

ಎರಡು ವರ್ಷ ಕಳೆಯಿತು. ನಾನು ವಾಚಕರ ಪತ್ರಗಳ ಪುಟ ನೋಡಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ, ಗ್ರಂಥಾಲಯದ ಎದುರಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದಾಗ, ಕಿಟಕಿ ಪಕ್ಕ ಅವಳು ಒಬ್ಬಳೇ ಕುಳಿತಿದ್ದಳು. ನನ್ನನ್ನು ನೋಡಿದಳು. ಎದುರಿನ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದಳು.

ಪಠ್ಯಪುಸ್ತಕದ ಪ್ರೆಸ್ಸಿನಲ್ಲಿ ಕೆಲಸವಂತೆ. ಭಾವನಿಗೆ ಬಡ್ತಿ, ಅಕ್ಕನಿಗೆ ಮಗಳು.

"ಅಕ್ಕ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ಲು," ಎಂದಳು. "ಆಮೇಲೆ ಒಂದಿನ ಅವಳೂ ಅಮ್ಮನಿಗೆ ಅಂದ ಒಂದು ಮಾತು ಹೇಳಿ ಅತ್ತಳು. ಈಗ ಇಬ್ರೂ ಕೂತ್ಕೊಂಡು ಅಮ್ಮನ ಬಗ್ಗೆ ಮಾತಾಡ್ತೀವಿ. ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತ ಕೆಲವು ಸಲ ಅನಿಸುತ್ತೆ." ಸ್ವಲ್ಪ ತಡೆದು, "ಹೇಳಲ್ಲ," ಎಂದಳು.

"ಬೇಡ. ಹೇಳಬಾರದು."

ಎರಡು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳು ಆ ಕ್ಷಣಕ್ಕೆ ಒಂದೂ ಒದಗಲಿಲ್ಲ. ಬರಿಗೈಯಲ್ಲಿ ಹೇಳಿದೆ. "ನಿನ್ನ ಮಾತು ಕದ್ದೆ. ನಿಲ್ಲಿಸೋಕೆ ಒಂದು ಗಂಟೆ ಟೈಮಿತ್ತು, ನಿಲ್ಲಿಸಲಿಲ್ಲ. ಪ್ರೀತಿ ಇರಲಿಲ್ಲ ಅಂತಲ್ಲ. ಪ್ರೀತಿಸ್ತಿದ್ದೆ ನಿನ್ನ. ಇವತ್ತಿಗೂ."

"ಗೊತ್ತಿತ್ತು," ಎಂದಳು. ಕಣ್ಣು ತುಂಬಿತ್ತು, ಆದರೆ ತಗ್ಗಿಸಲಿಲ್ಲ. "ಆ ಸಂಜೆ ಡಿಪೋ ಹತ್ತಿರ ಕೈ ಹಿಡ್ಕೊಂಡ್ರಲ್ಲ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾದೆ. ನಾಳೆ ಹೇಳಬಹುದು ಅಂತ ಮನೆಗೆ ಹೋದೆ. ನಾಳೆ ನನ್ನ ಮೇಜಿಗೆ ಪ್ರೂಫ್ ಬಂತು."

ಕ್ಯಾಂಟೀನಿನಲ್ಲಿ ಜನ ಬರುತ್ತಿದ್ದರು, ಹೋಗುತ್ತಿದ್ದರು. ತಟ್ಟೆಗಳ ಸದ್ದು, ಯಾರದೋ ನಗು. ಇಬ್ಬರೂ ಊಟ ಮುಗಿಸಿದೆವು. ಹೇಗಿತ್ತೆಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದೆ. ಅವಳ ಬಸ್ಸು ತಿರುವಿನಲ್ಲಿ ಕಂಡಾಗ ಧೈರ್ಯ ಮಾಡಿದೆ.

"ಇನ್ನೊಂದು ಸಲ ಸಿಗೋಣವಾ? ಬರೀ ಊಟಕ್ಕೆ. ನಾನೀಗ ಏನೂ ಬರೆಯಲ್ಲ."

ಅವಳು ನನ್ನ ಮುಖವನ್ನು ಅಕ್ಷರ ಬಿಡದೆ ಓದುವವಳಂತೆ ನೋಡಿದಳು. ಮೊದಲ ಬಾರಿಗೆ, ಮೆಲ್ಲಗೆ, ಏಕವಚನದಲ್ಲಿ ಮಾತಾಡಿದಳು.

"ಬೇಡ ಕಣೋ. ನಿನ್ನ ಎದುರಿಗೆ ಕೂತರೆ ನಾನು ಎಲ್ಲಾನೂ ಹೇಳಿಬಿಡ್ತೀನಿ. ಇವತ್ತೂ ಹೇಳಿಬಿಟ್ಟೆ, ನೋಡು."

ಬಸ್ಸು ನಿಂತಿತು. ಅವಳು ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಈ ಕಡೆಯದಲ್ಲ, ಆ ಕಡೆಯದು. ನಾನು ಕೂಗಲಿಲ್ಲ.