ಖುಷಿಯಿಂದ ಕೊಟ್ಟ ಎಮ್ಮೆ

ಆ ಬೇಸಿಗೆಯಲ್ಲಿ ಮೊದಲ ಸಲ ಕೊಟ್ರೇಶ ಬಾಗಿಲಲ್ಲಿ ನಿಂತಾಗ, ಹಾಲಿಗೆ ಬಂದವನಿರಬೇಕೆಂದು ಶ್ರೀದೇವಿ ತಿಳಿದಳು.

“ಪಾತ್ರಿ ತಂದಿಲ್ಲೇನ್ರಿ?”

“ಹಾಲಿಗಲ್ರಿ. ರಾಣೆಬೆನ್ನೂರಿನ ದವಾಖಾನಿಯಿಂದ ಬಂದೇನಿ, ಬಾಕಿ ಕೇಳಾಕ.” ಹೇಳುವಾಗಲೇ ಅವನ ಕಿವಿ ಕೆಂಪಾದವು.

ತಾಯಿ ಗುತ್ತೆವ್ವನ ಆಪರೇಷನ್ನಿಗೆ ಒಪ್ಪಿದ್ದ ಹಣವಷ್ಟನ್ನೂ ಶ್ರೀದೇವಿ ಕಟ್ಟಿದ್ದಳು. ಆಮೇಲೆ ಅದರಷ್ಟೇ ದೊಡ್ಡ ಇನ್ನೊಂದು ಬಿಲ್ಲು ಬಂದಿತ್ತು. ಯಾತಕ್ಕೆಂದು ಕೇಳಿದರೆ ಹೇಳುವವರಿರಲಿಲ್ಲ.

ಕೊಟ್ರೇಶ ವಾರವಾರ ಮೋಟೆಬೆನ್ನೂರಿಗೆ ಬರತೊಡಗಿದ. ಬಾಕಿಯ ಮಾತು ಕಮ್ಮಿಯಾಗಿ ಚಹಾ ಹೆಚ್ಚಾಯಿತು. ತುಟಿಗಿಟ್ಟ ಬಸಿಯ ಅಂಚಿನ ಮೇಲಿಂದ ಅವನು ಕದ್ದು ನೋಡುವನು. ಅವಳು ಎಮ್ಮೆಯ ಮೈ ತಿಕ್ಕುತ್ತ, ಕಾಣದವಳಂತೆ ನಗುವಳು.

“ಬರೇ ಕೈಲೆ ಹೋದ್ರ ಸಾಹೇಬ್ರು ಬೈಯೂದಿಲ್ಲೇನು?”

“ಬೈತಾರ. ಮುಂದಿನ ವಾರ ಕೊಡ್ತಾಳ ಅಂತೀನಿ.”

“ಸುಳ್ಳು ಚಲೋ ಹೇಳ್ತಿ ಬಿಡು.”

ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅವಳಿಗೇ ತಡವಾಗಿ ಗೊತ್ತಾಯಿತು.

ಒಂದು ದಿನ ಅವನು ಇಬ್ಬರು ಗಟ್ಟಿಮುಟ್ಟಾದ ಆಳುಗಳೊಂದಿಗೆ ಟೆಂಪೋದಲ್ಲಿ ಬಂದ. ಅವರು ಎಮ್ಮೆ ಬಿಚ್ಚಿದರು. ಗಾಯ ಇನ್ನೂ ಮಾಯದ ಹೊಟ್ಟೆ ಹಿಡಿದುಕೊಂಡು ಗುತ್ತೆವ್ವ ಅಡ್ಡ ಬಂದಳು. ಶ್ರೀದೇವಿ ಬೇಡವೆಂದು ಅತ್ತಳು. ಕೊಟ್ರೇಶ ಟೆಂಪೋ ಬಿಟ್ಟು ಅಲುಗಲಿಲ್ಲ.

ಬ್ಯಾಡಗಿಯ ವಕೀಲ ಪರಮೇಶಪ್ಪ ಹೇಳಿದರು: “ಬಾಕಿ ಖರೇ ಇದ್ರ ಅವರು ಕೋರ್ಟಿಗೆ ಹೋಗಬೇಕವ್ವಾ. ಮನಿ ಹೊಕ್ಕು ಎಮ್ಮಿ ಒಯ್ಯೂ ಹಕ್ಕಿಲ್ಲ. ಹಾವೇರಿ ಗ್ರಾಹಕರ ವೇದಿಕೆಗೆ ದೂರು ಕೊಡೂಣು.”

ವೇದಿಕೆಯಲ್ಲಿ ದವಾಖಾನೆಯ ವಕೀಲ ಕೊಟ್ರೇಶನ ಅಫಿಡವಿಟ್ ಓದಿದ: ಶ್ರೀದೇವಿ ಬಾಕಿಗೆ ಬದಲಾಗಿ ಎಮ್ಮೆಯನ್ನು ಖುಷಿಯಿಂದ ಕೊಟ್ಟಳು. ಕೊಟ್ರೇಶ ಗೋಡೆಗಾತು ನೆಲ ನೋಡುತ್ತಿದ್ದ. ಅಷ್ಟು ಹೊತ್ತು, ಅಷ್ಟು ನೇರವಾಗಿ ಅವಳು ಅವನನ್ನು ಎಂದೂ ನೋಡಿರಲಿಲ್ಲ.

ವೇದಿಕೆ ಅದನ್ನು ನಂಬಲಿಲ್ಲ. ಎರಡನೆಯ ಬಿಲ್ಲಿಗೆ ದವಾಖಾನೆಯ ಬಳಿ ಲೆಕ್ಕವೇ ಇರಲಿಲ್ಲ. ಬಿಲ್ಲು ರದ್ದಾಯಿತು. ಎಮ್ಮೆಯನ್ನು ಆಗಲೇ ಮಾರಿಬಿಟ್ಟಿದ್ದರಿಂದ ಅದರ ಬೆಲೆಯನ್ನೂ ಪರಿಹಾರವನ್ನೂ ಕೊಡಬೇಕೆಂದು ಆದೇಶವಾಯಿತು.

ಹೊರಗೆ ಕೊಟ್ರೇಶ ಕಾಯುತ್ತಿದ್ದ.

“ಸಹಿ ಮಾಡಲಿಲ್ಲಂದ್ರ ನೌಕರಿ ಹೋಗ್ತಿತ್ತು, ಶ್ರೀದೇವಿ. ಈಗ ನಾನ ಅದನ್ನ ಬಿಟ್ಟೇನಿ. ನಿನ್ನ ಮ್ಯಾಲೆ ಜೀವಾ ಇಟ್ಟೇನಿ. ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ಲೇನು, ಲಗ್ನದ ಮಾತಾಡಾಕ?”

ಈ ಮಾತಿಗಾಗಿ ಎಷ್ಟು ವಾರ ಕಾದಿದ್ದಳು.

“ಅಳಕೋತ ಬ್ಯಾಡ ಅಂದಾಗ, ಖುಷಿಯಿಂದ ಕೊಟ್ಲು ಅಂತ ಬರಕೊಟ್ರಿ. ಈಗ ಬ್ಯಾಡ ಅಂದ್ರ ಏನಂತ ತಿಳ್ಕೋತೀರಿ?”

ಅವಳು ಮತ್ತೆ ಬಹುವಚನಕ್ಕೆ ಹೋದದ್ದು ತಿಳಿದು ಅವನ ಮುಖ ಸಣ್ಣದಾಯಿತು.

ಶ್ರೀದೇವಿ ಬಸ್ಸು ಹತ್ತಿ, ಅವನು ಕಾಣದ ಆಚೆ ಬದಿಯ ಸೀಟಿನಲ್ಲಿ ಕೂತಳು. ಊರು ಬಂದಾಗ ಕಂಡಕ್ಟರು ಮೋಟೆಬೆನ್ನೂರೆಂದು ಕೂಗಿದ್ದು ಅವಳಿಗೆ ಕೇಳಲೇ ಇಲ್ಲ.